ಬಯಲುಸೀಮೆಯಿಂದ ಕರಾವಳಿಗೆ: ಮಂಗಳೂರಿಗೆ ಹೊರಡುವ ಮುನ್ನ ಬಟ್ಟೆ ಹೊಂದಿಸಿಕೊಳ್ಳುವುದು ಹೇಗೆ

ಮೇ ತಿಂಗಳು ಬಂತೆಂದರೆ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯ ಓದುಗರದು ಒಂದೇ ಪ್ರಶ್ನೆ. ಮಗಳಿಗೆ ಮಂಗಳೂರಿನಲ್ಲಿ ಕಾಲೇಜು ಸಿಕ್ಕಿದೆ, ಮಗನಿಗೆ ಮಣಿಪಾಲದಲ್ಲಿ ಕೆಲಸ ಆಗಿದೆ, ಮನೆಯವರಿಗೆ ಸುರತ್ಕಲ್‌ಗೆ ವರ್ಗವಾಗಿದೆ. ಎಂಥ ಬಟ್ಟೆ ತೆಗೆದುಕೊಂಡು ಹೋಗಬೇಕು? ಇಲ್ಲೂ ಬಿಸಿಲು, ಅಲ್ಲೂ ಬಿಸಿಲು, ಇರುವುದನ್ನೇ ತುಂಬಿಕೊಂಡು ಹೋದರಾಯಿತು ಎಂದು ಹೊರಟವರು ಮಳೆಗಾಲ ಹಿಡಿಯುವಷ್ಟರಲ್ಲಿ ಮತ್ತೆ ಬರೆಯುತ್ತಾರೆ: ಬೆನ್ನ ತುಂಬ ಬೆವರುಸಾಲೆ, ಶೂ ಮೇಲೆ ಬೂಷ್ಟು, ಬಿಳಿ ಅಂಗಿಯ ಕಂಕುಳಲ್ಲಿ ಹಳದಿ ಕಲೆ, ಜೀನ್ಸ್ ಮೂರು ದಿನವಾದರೂ ಒಣಗಿಲ್ಲ. ಇವೆಲ್ಲ ಊರು ಬಿಡುವ ಮುಂಚೆಯೇ ತಪ್ಪಿಸಬಹುದಾದ ತೊಂದರೆಗಳು. ಹೊರಡಲು ಕನಿಷ್ಠ ಒಂದು ತಿಂಗಳು ಇರುವಾಗ ಶುರುಮಾಡಿ. ಮದುವೆ ಸೀಸನ್ನಿನಲ್ಲಿ ಟೈಲರ್‌ಗಳ ಕೈ ಖಾಲಿ ಇರುವುದಿಲ್ಲ.

ಮೊದಲು ಎರಡು ಊರಿನ ಹವೆ ತಿಳಿದುಕೊಳ್ಳಿ

ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ 37–38 ಡಿಗ್ರಿ ಇದ್ದರೆ ಮಂಗಳೂರಿನಲ್ಲಿ 33–34 ಡಿಗ್ರಿ. ಅಂಕಿ ನೋಡಿದರೆ ಮಂಗಳೂರೇ ತಂಪು. ಆದರೆ ಮೈ ತಂಪಾಗುವುದು ಬೆವರು ಬರುವುದರಿಂದಲ್ಲ, ಬಂದ ಬೆವರು ಆರುವುದರಿಂದ. ನಮ್ಮ ಕಡೆ ಗಾಳಿ ಒಣ. ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿರುತ್ತದೆ. ಬೆವರು ಆರಲು ಜಾಗವಿಲ್ಲದೆ ಮೈಮೇಲೇ ಹರಿಯುತ್ತದೆ, ಬಟ್ಟೆ ಅಂಟಿಕೊಳ್ಳುತ್ತದೆ, ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಇನ್ನು ಮಳೆ: ದಾವಣಗೆರೆಗೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು, ಮಂಗಳೂರಿಗೆ 3,500 ಮಿ.ಮೀ.ಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ.

ಹಾಗಾಗಿ ಪ್ರತಿ ಬಟ್ಟೆಯನ್ನೂ ಕೈಗೆತ್ತಿಕೊಂಡಾಗ ಕೇಳಿಕೊಳ್ಳಬೇಕಾದ್ದು ಒಂದೇ: ಇದು ಎಷ್ಟು ಬೇಗ ಒಣಗುತ್ತದೆ, ಮೈಮೇಲೆ ಮತ್ತು ಹಗ್ಗದ ಮೇಲೆ? ಚಂದ, ಬೆಲೆ, ಫ್ಯಾಷನ್ ಎಲ್ಲ ಆಮೇಲೆ.

ಹಂತ 1: ಬೀರು ಖಾಲಿ ಮಾಡಿ ಆರಿಸಿ

ಇರುವ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹಾಕಿ ಮೂರು ಗುಂಪು ಮಾಡಿ: ತೆಗೆದುಕೊಂಡು ಹೋಗುವುದು, ಇಲ್ಲೇ ಬಿಡುವುದು, ಪರೀಕ್ಷೆ ಮಾಡಿ ನೋಡುವುದು.

ಇಲ್ಲೇ ಬಿಡಬೇಕಾದವು: ದಪ್ಪ ಜೀನ್ಸ್ (ಒಂದು ಸಾಕು, ಅದೂ ತೆಳುವಾದದ್ದು), ಟೆರಿಕಾಟ್ ಅಂಗಿಗಳು, ಒಳಗೆ ಸ್ಪಂಜ್ ಅಥವಾ ಪಾಲಿಯೆಸ್ಟರ್ ಲೈನಿಂಗ್ ಇರುವ ಜಾಕೆಟ್, ಮೈಗೆ ಕಚ್ಚಿಕೊಳ್ಳುವ ಲೆಗಿಂಗ್ಸ್, ಜಾರ್ಜೆಟ್ ಮತ್ತು ಕ್ರೇಪ್ ಚೂಡಿದಾರ, ಸ್ವೆಟರ್, ಉಣ್ಣೆ ಶಾಲು. ಚಳ್ಳಕೆರೆ ಕಂಬಳಿ ಎಷ್ಟೇ ಪ್ರೀತಿಯದ್ದಾದರೂ ಅಲ್ಲಿಗೆ ಬೇಡ. ಹೊದೆಯಲು ಚಳಿ ಇರುವುದಿಲ್ಲ, ಉಣ್ಣೆ ತೇವ ಹಿಡಿದು ಮುಗ್ಗುಲು ವಾಸನೆ ಬರುತ್ತದೆ. ಹೊದಿಕೆಗೆ ಎರಡು ತೆಳು ಹತ್ತಿ ದುಪ್ಪಟಿ ಸಾಕು.

ಪರೀಕ್ಷೆಯ ಗುಂಪಿಗೆ ಹತ್ತಿಯೋ ಅಲ್ಲವೋ ಎಂದು ಗೊತ್ತಾಗದವೆಲ್ಲ ಬರಲಿ.

ಹಂತ 2: ಬಟ್ಟೆಯನ್ನು ಪರೀಕ್ಷೆ ಮಾಡಿ

ಚೀಟಿಯಲ್ಲಿ "ಕಾಟನ್" ಎಂದು ಬರೆದಿದ್ದರೂ ಬೆರಕೆ ಇರಬಹುದು. ಒಳ ಹೊಲಿಗೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು ಮೂರು ಪರೀಕ್ಷೆ ಮಾಡಿ.

ನೀರಿನ ಹನಿ. ಒಂದು ಸಲ ಒಗೆದ ಬಟ್ಟೆಯ ಮೇಲೆ ಒಂದು ಹನಿ ಬಿಡಿ. ಹತ್ತಿಯಾದರೆ ತಕ್ಷಣ ಹೀರಿ ಹರಡುತ್ತದೆ. ಹನಿ ಗುಂಡಾಗಿ ನಿಂತರೆ ಅದು ಪಾಲಿಯೆಸ್ಟರ್, ಇಲ್ಲವೇ ಮೇಲೆ ಫಿನಿಶಿಂಗ್ ಬಳಿದದ್ದು. ಹೊಸ ಬಟ್ಟೆಯಲ್ಲಿ ಗಂಜಿ ಇರುವುದರಿಂದ ಈ ಪರೀಕ್ಷೆ ಮೋಸ ಮಾಡುತ್ತದೆ. ಒಗೆದ ಮೇಲೇ ನೋಡಿ.

ಬೆಂಕಿ. ಎಳೆಯನ್ನು ಚಿಮುಟದಲ್ಲಿ ಹಿಡಿದು, ತಟ್ಟೆಯ ಮೇಲೆ, ಫ್ಯಾನ್ ಆರಿಸಿ ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೆರಳಿಗೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕಪ್ಪು ಗಟ್ಟಿ ಮಣಿಯಾಗುತ್ತದೆ. ಬೂದಿಯೊಳಗೆ ಗಟ್ಟಿ ಕಾಳು ಸಿಕ್ಕರೆ ಬೆರಕೆ.

ಎಳೆ ಒದ್ದೆ ಮಾಡಿ ಎಳೆಯುವುದು. ರೇಯಾನ್ ಕೂಡ ಕಾಗದದ ಹಾಗೇ ಸುಡುವುದರಿಂದ ಬೆಂಕಿಯಲ್ಲಿ ಅದಕ್ಕೂ ಹತ್ತಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ರೇಯಾನ್ ಎಂದರೆ ಮರದ ತಿರುಳಿನಿಂದ ಕಾರ್ಖಾನೆಯಲ್ಲಿ ತೆಗೆದ ನೂಲು. ಎಳೆಯನ್ನು ಒದ್ದೆ ಮಾಡಿ ಎಳೆದರೆ ರೇಯಾನ್ ಸುಲಭವಾಗಿ ತುಂಡಾಗುತ್ತದೆ, ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ.

ಇಷ್ಟು ಕಷ್ಟಪಡುವುದು ಯಾಕೆಂದರೆ, ಮಾಮೂಲಿ ಹವೆಯಲ್ಲಿ 100 ಗ್ರಾಂ ಹತ್ತಿ ಸುಮಾರು 8 ಗ್ರಾಂ ತೇವವನ್ನು ಒಳಗೆ ಎಳೆದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಮಾಮೂಲಿ ಪಾಲಿಯೆಸ್ಟರ್ ಅಂಗಿ ತೊಟ್ಟಾಗ ಬೆವರು ಚರ್ಮ ಮತ್ತು ಬಟ್ಟೆಯ ನಡುವೆಯೇ ಉಳಿದು ವಾಸನೆ ಕಟ್ಟುವುದು ಇದರಿಂದ. ಆಟಕ್ಕೆಂದೇ ನೇಯ್ದ ಸಣ್ಣ ತೂತಿನ ಜಾಲರಿ ಟೀ ಶರ್ಟ್ ಬೇರೆ ಮಾತು. ಅದು ಓಟಕ್ಕೆ, ಕ್ರಿಕೆಟ್‌ಗೆ, ಜಿಮ್‌ಗೆ ಒಳ್ಳೆಯದೇ. ಇಡೀ ದಿನ ಕಚೇರಿಗೆ ಅಲ್ಲ.

ಹತ್ತಿ ಎಂದು ಗೊತ್ತಾದರೆ ಸಾಲದು, ತೂಕವೂ ನೋಡಬೇಕು. ಅಂಗಡಿಯವರು ಜಿಎಸ್‌ಎಂ ಎನ್ನುವುದು ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದಕ್ಕೆ. ಅಂಗಿಗೆ, ಕುರ್ತಾಗೆ 100–120 ಸರಿ. ಮಲ್ ಬಟ್ಟೆ 60–80ರಷ್ಟು. ತುಂಬ ತಂಪು, ಆದರೆ ಒಳಗಿನದು ಕಾಣುತ್ತದೆ. ಪ್ಯಾಂಟಿಗೆ 180–220. ಜೀನ್ಸ್ 400ರ ಹತ್ತಿರ ಹೋಗುತ್ತದೆ. ಅದೂ ಹತ್ತಿಯೇ, ಆದರೆ ಜುಲೈನಲ್ಲಿ ಒಣಗಿಸಿ ನೋಡಿದವರಿಗೆ ಅದರ ಕಷ್ಟ ಗೊತ್ತು.

ಲಿನನ್, ಅಂದರೆ ಅಗಸೆ ನಾರಿನ ಬಟ್ಟೆ, ಕರಾವಳಿಗೆ ಅತಿ ಚೆನ್ನಾಗಿ ಹೊಂದುತ್ತದೆ: ಗಡುಸಾಗಿ ಮೈಯಿಂದ ದೂರ ನಿಲ್ಲುತ್ತದೆ, ಬೇಗ ಒಣಗುತ್ತದೆ. ಬೆಲೆ ಹೆಚ್ಚು, ಮುದುರುತ್ತದೆ. ಮುದುರಿದರೂ ಲಿನನ್ ಲಿನನ್ನೇ, ಅದನ್ನು ಯಾರೂ ತಪ್ಪಾಗಿ ಭಾವಿಸುವುದಿಲ್ಲ. ಹಾಸ್ಟೆಲಿನಲ್ಲಿ ಇರುವವರಿಗೆ ನನ್ನ ಸಲಹೆ: ಎರಡು ಲಿನನ್ ಅಂಗಿಯ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ತೆಳು ಹತ್ತಿ ಅಂಗಿ ಹೊಲಿಸಿ. ಅಲ್ಲಿ ದಿನಕ್ಕೆ ಎರಡು ಅಂಗಿ ಬದಲಿಸುವುದು ಮಾಮೂಲಿ.

ಹಂತ 3: ಪೀಸ್ ತೆಗೆದುಕೊಳ್ಳುವುದು

ಹತ್ತಿ ಗಿರಣಿಗಳಿಂದಾಗಿ "ಕರ್ನಾಟಕದ ಮ್ಯಾಂಚೆಸ್ಟರ್" ಎನಿಸಿಕೊಂಡ ಊರು ದಾವಣಗೆರೆ. ಗಿರಣಿಗಳ ಕಾಲ ಮುಗಿದರೂ ಬೆರಳಲ್ಲಿ ಉಜ್ಜಿ ಬಟ್ಟೆಯ ಗುಣ ಹೇಳುವ ವ್ಯಾಪಾರಿಗಳು ಪೇಟೆಯಲ್ಲಿ ಇನ್ನೂ ಇದ್ದಾರೆ. ರೆಡಿಮೇಡ್‌ಗಿಂತ ಪೀಸ್ ತೆಗೆದು ಹೊಲಿಸುವುದೇ ಮೇಲು, ಯಾಕೆಂದರೆ ಈಗಿನ ರೆಡಿಮೇಡ್ ಅಂಗಿಗಳು ಮೈಗೆ ಅಂಟುವ ಸ್ಲಿಮ್ ಅಳತೆಯವು.

ಎಷ್ಟು ಬೇಕು ಎಂಬುದು ಪನ್ನದ ಮೇಲೆ, ಅಂದರೆ ಬಟ್ಟೆಯ ಅಗಲದ ಮೇಲೆ ನಿಂತಿದೆ. ಮಧ್ಯಮ ಮೈಕಟ್ಟಿನವರಿಗೆ ಹೀಗೆ: 58 ಇಂಚು ಪನ್ನದಲ್ಲಿ ತುಂಬುತೋಳಿನ ಅಂಗಿಗೆ 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್. 36 ಇಂಚು ಪನ್ನವಾದರೆ ಅದೇ ಅಂಗಿಗೆ 2.25ರಿಂದ 2.5 ಮೀಟರ್. 44 ಇಂಚಿನದರಲ್ಲಿ ಮೊಣಕಾಲುದ್ದದ ಕುರ್ತಾಕ್ಕೆ 2.5 ಮೀಟರ್. ಬ್ಲೌಸಿಗೆ 80 ಸೆಂ.ಮೀ.ನಿಂದ ಒಂದು ಮೀಟರ್. ಖಾದಿ ಅಥವಾ ಕೈಮಗ್ಗದ ಬಟ್ಟೆಯಾದರೆ ಈ ಲೆಕ್ಕಕ್ಕಿಂತ 15–20 ಸೆಂ.ಮೀ. ಹೆಚ್ಚು ಹಿಡಿಯಿರಿ.

ತಂದ ಬಟ್ಟೆಯನ್ನು ನೇರವಾಗಿ ಟೈಲರ್‌ಗೆ ಕೊಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಹತ್ತಿ ಮೊದಲ ಒಗೆತದಲ್ಲಿ 3ರಿಂದ 5 ಶೇಕಡಾ ಕುಗ್ಗುತ್ತದೆ. 28 ಇಂಚು ಉದ್ದದ ಅಂಗಿಯಲ್ಲಿ ಅದು ಸುಮಾರು ಒಂದು ಇಂಚು. ರಾತ್ರಿ ಇಡೀ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ಹಿಂಡದೆ ಎತ್ತಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಗಾಢ ಬಣ್ಣದವನ್ನು ಬೇರೆಬೇರೆ ಬಕೆಟ್‌ನಲ್ಲಿ ನೆನೆಸಿ. ಒಂದು ಹಿಡಿ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಮನೆಗಳಲ್ಲಿ ಹೇಳುತ್ತಾರೆ. ಈಗಿನ ಬಣ್ಣಗಳಿಗೆ ಅದರಿಂದ ಹೆಚ್ಚೇನೂ ಆಗದು. ಎರಡನೇ ನೀರಿನಲ್ಲೂ ಬಣ್ಣ ಬಿಟ್ಟರೆ ಅದು ಬೆವರಿನಲ್ಲೂ ಬಿಡುತ್ತದೆ, ಬನಿಯನ್ನಿಗೆ ಮೆತ್ತುತ್ತದೆ.

ಹಂತ 4: ಟೈಲರ್‌ಗೆ ಏನು ಹೇಳಬೇಕು

"ಸ್ವಲ್ಪ ಲೂಸು ಇರಲಿ" ಎಂದರೆ ಸಾಲದು. ಇಂಚಿನಲ್ಲಿ ಹೇಳಿ.

ಎದೆ ಸುತ್ತಳತೆಗಿಂತ ಅಂಗಿ 6 ಇಂಚು ಹೆಚ್ಚಿರಲಿ. ಎದೆ 38 ಇದ್ದರೆ ಅಂಗಿಯ ಸುತ್ತು 44. ನಮ್ಮೂರಲ್ಲಿ ಈಗ 3–4 ಇಂಚು ಬಿಡುವುದು ರೂಢಿ. ಅಷ್ಟರಲ್ಲಿ ಗಾಳಿ ಓಡಾಡುವುದಿಲ್ಲ. ತೋಳಿನ ಸುತ್ತ 2 ಇಂಚು ಸಡಿಲ. ಕಂಕುಳಿನ ಕುಣಿಕೆಯನ್ನು ಅರ್ಧ ಇಂಚು ಮಾತ್ರ ಇಳಿಸಲಿ; ಅದಕ್ಕಿಂತ ಇಳಿಸಿದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೆ ಬರುತ್ತದೆ, ಬಸ್ಸಿನಲ್ಲಿ ಕಂಬಿ ಹಿಡಿದಾಗ ಗೊತ್ತಾಗುತ್ತದೆ. ಭುಜದ ಅಳತೆ ಮಾತ್ರ ಕರಾರುವಾಕ್ಕಾಗಿರಲಿ. ಭುಜ ಸರಿ ಕೂತರೆ ಸಡಿಲ ಅಂಗಿಯೂ ನೀಟಾಗಿ ಕಾಣುತ್ತದೆ, ಭುಜ ಜಾರಿದರೆ ಅಣ್ಣನ ಅಂಗಿ ಹಾಕಿಕೊಂಡಂತೆ ಕಾಣುತ್ತದೆ.

ಬೆನ್ನಿನ ಮೇಲ್ಭಾಗದ ಅಡ್ಡ ಪಟ್ಟಿಗೆ ಯೋಕ್ ಎನ್ನುತ್ತಾರೆ. ಅಲ್ಲಿ ಬಟ್ಟೆ ಎರಡು ಪದರ ಇರುತ್ತದೆ, ಬೆವರುವುದೂ ಅಲ್ಲಿ ಹೆಚ್ಚು. ಒಳಪದರಕ್ಕೆ ಮಲ್ ಬಟ್ಟೆ ಹಾಕಲು ಹೇಳಿ. ಯೋಕ್ ಕೆಳಗೆ ನಡುವೆ ಒಂದು ಪ್ಲೀಟ್ ಕೊಡಿಸಿದರೆ ಬೆನ್ನಿಗೆ ಬಟ್ಟೆ ಅಂಟುವುದು ಕಡಿಮೆ. ಕಾಲರ್‌ಗೆ ಒಳಗಿಡುವ ಗಟ್ಟಿ ಬಟ್ಟೆಯೇ ಬಕ್ರಂ. ಅಂಟಿಸುವ ಬಕ್ರಂ ಕಳಪೆಯಾದರೆ ಪದೇಪದೇ ಒಗೆಯುವಾಗ ಅಂಟು ಬಿಟ್ಟು ಕಾಲರ್ ಮೇಲೆ ಗುಳ್ಳೆ ಏಳುತ್ತದೆ. ಮೆದು ಬಕ್ರಂ ಕೇಳಿ. ಎರಡೂ ಪಕ್ಕದಲ್ಲಿ ಒಳಗೆ ಮುಕ್ಕಾಲು ಇಂಚು ಮಾರ್ಜಿನ್ ಬಿಡಲಿ, ಬಟ್ಟೆ ಇನ್ನೂ ಕುಗ್ಗಿದರೆ ಬಿಚ್ಚಿ ದೊಡ್ಡದು ಮಾಡಬಹುದು. ಅಂಚಿಗೆ ಓವರ್‌ಲಾಕ್ ಕಡ್ಡಾಯ.

ಪ್ಯಾಂಟಿನ ಮಾತು. ತೊಡೆಯಲ್ಲಿ 3 ಇಂಚು ಸಡಿಲ, ಉದ್ದ ಹಿಮ್ಮಡಿಯಿಂದ ಒಂದೂವರೆ ಇಂಚು ಮೇಲೆ. ನೆಲ ಗುಡಿಸುವ ಪ್ಯಾಂಟು ಅಲ್ಲಿನ ಕೆಂಪು ಮಣ್ಣಿನ ಕೆಸರಿಗೆ ಜೂನ್ ಮೊದಲ ವಾರದಲ್ಲೇ ಕೆಂಪಾಗುತ್ತದೆ.

ಎಲ್ಲವನ್ನೂ ಒಂದೇ ಸಲ ಹೊಲಿಸಬೇಡಿ. ಒಂದು ಅಂಗಿ ಮೊದಲು ಹೊಲಿಸಿ, ಎರಡು ಸಲ ಒಗೆದು ಉಟ್ಟು ನೋಡಿ, ಅಳತೆ ಸರಿಪಡಿಸಿ ಉಳಿದವು ಕೊಡಿ.

ಹಂತ 5: ಬಣ್ಣ

ಬೆವರಿನ ಗುರುತು ಎದ್ದು ಕಾಣುವುದು ನಡು ಬಣ್ಣಗಳಲ್ಲಿ: ಬೂದು, ತಿಳಿ ನೀಲಿ, ಖಾಕಿ, ತಿಳಿ ಹಸಿರು. ಬಿಳಿ, ಕಡು ನೀಲಿ, ಸಣ್ಣ ಚೌಕಳಿ, ಒತ್ತಾದ ಹೂವಿನ ಪ್ರಿಂಟ್‌ಗಳಲ್ಲಿ ಕಾಣುವುದಿಲ್ಲ. ಕಪ್ಪು ಬೆವರು ಮುಚ್ಚುತ್ತದೆ, ಆದರೆ ಒಣಗಿದ ಮೇಲೆ ಉಪ್ಪಿನ ಬಿಳಿ ಗೆರೆ ಬಿಡುತ್ತದೆ. ಕಚೇರಿಗೆ ಬಿಳಿ ಮತ್ತು ಕಡು ನೀಲಿಯನ್ನೇ ಮುಖ್ಯವಾಗಿ ಇಟ್ಟುಕೊಂಡರೆ ಯಾವ ಅಂಗಿಯೂ ಯಾವ ಪ್ಯಾಂಟಿಗೂ ಹೊಂದುತ್ತದೆ. ಮಳೆಗಾಲದಲ್ಲಿ ಅರ್ಧ ಬಟ್ಟೆ ಹಗ್ಗದ ಮೇಲೇ ಇರುವಾಗ ಈ ಹೊಂದಾಣಿಕೆ ಬೇಕೇ ಬೇಕು.

ಹಂತ 6: ಸೀರೆ, ಬ್ಲೌಸ್, ಕುರ್ತಾ

ಶಾಲೆ, ಬ್ಯಾಂಕು, ಕಚೇರಿಗೆ ದಿನಾ ಸೀರೆ ಉಡುವವರು ಸಿಂಥೆಟಿಕ್ ಸೀರೆ ಬಿಟ್ಟು ತೆಳು ಹತ್ತಿಗೆ ಬನ್ನಿ. ಹತ್ತಿ ಒಡಲಿನ ಇಳಕಲ್ ಸೀರೆ ನಡೆಯುತ್ತದೆ. ಗಂಜಿ ಮಾತ್ರ ತೀರ ತೆಳುವಾಗಿರಲಿ. ದಪ್ಪ ಗಂಜಿ ಬಟ್ಟೆಯ ತೂತು ಮುಚ್ಚುತ್ತದೆ, ಒದ್ದೆ ಹವೆಯಲ್ಲಿ ಅಂಟಂಟಾಗಿ ಬೂಷ್ಟಿಗೂ ಆಹಾರವಾಗುತ್ತದೆ. ಅಲ್ಲಿಗೆ ಹೋದ ಮೇಲೆ ಉಡುಪಿ ಸೀರೆ ನೋಡಿ. ಭೌಗೋಳಿಕ ಗುರುತು ಪಡೆದ ಹಗುರ ಕೈಮಗ್ಗದ ಹತ್ತಿ ಸೀರೆ ಅದು, ಅಲ್ಲಿನ ಸೆಕೆಯಲ್ಲೇ ಹುಟ್ಟಿದ್ದು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರು ಅದನ್ನು ಮತ್ತೆ ಚಾಲ್ತಿಗೆ ತಂದಿದ್ದಾರೆ. ಮೊದಲ ಸಂಬಳಕ್ಕೆ ಇದಕ್ಕಿಂತ ಒಳ್ಳೆಯ ಖರೀದಿ ಇಲ್ಲ.

ಸೀರೆಗಿಂತ ತೊಂದರೆ ಕೊಡುವುದು ಬ್ಲೌಸು. ಹೊರಗೆ ಹತ್ತಿ, ಒಳಗೆ ಅಗ್ಗದ ಪಾಲಿಯೆಸ್ಟರ್ ಲೈನಿಂಗ್ ಹಾಕಿದರೆ ಮೈಗೆ ತಾಗುವುದು ಪಾಲಿಯೆಸ್ಟರ್ರೇ. ಟೂ ಬೈ ಟೂ ಹತ್ತಿ ಬಟ್ಟೆಯನ್ನೇ ಲೈನಿಂಗ್‌ಗೆ ಕೇಳಿ, ಅದನ್ನೂ ಮೊದಲು ನೆನೆಸಿ ಕೊಡಿ. ಇಲ್ಲದಿದ್ದರೆ ಲೈನಿಂಗ್ ಮಾತ್ರ ಕುಗ್ಗಿ ಬ್ಲೌಸು ಮುದುರಿ ನಿಲ್ಲುತ್ತದೆ. ಹುಕ್ಸ್ ಹಿತ್ತಾಳೆಯದ್ದಾಗಿರಲಿ. ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಕಬ್ಬಿಣ, ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಬಿಡುತ್ತದೆ. ಪಿನ್ನುಗಳಿಗೂ ಇದೇ ನಿಯಮ: ರಾತ್ರಿ ಬಿಚ್ಚಿಡುವಾಗ ಸೀರೆಯಲ್ಲೇ ಪಿನ್ ಬಿಡಬೇಡಿ. ಲಂಗ ಪಾಪ್ಲಿನ್‌ನದ್ದು, ಮೈಗಂಟುವ ಸೀರೆ ಶೇಪರ್ ಬೇಡ.

ಕುರ್ತಾದ ಪಕ್ಕದ ಸೀಳು ಸೊಂಟದಿಂದ 2 ಇಂಚು ಕೆಳಗೇ ಶುರುವಾಗಲಿ. ಕೆಳಗೆ ಲೆಗಿಂಗ್ಸ್ ಬದಲು ಹತ್ತಿಯ ನೇರ ಪ್ಯಾಂಟ್ ಅಥವಾ ಸಡಿಲ ಸಲ್ವಾರ್.

ಹಂತ 7: ಒಳ ಉಡುಪು ಮತ್ತು ಚರ್ಮ

ಇದನ್ನು ಸಂಕೋಚವಿಲ್ಲದೆ ಹೇಳಬೇಕು, ಯಾಕೆಂದರೆ ಊರು ಬದಲಿಸಿದ ಮಕ್ಕಳು ಇದರಲ್ಲೇ ಹೆಚ್ಚು ನರಳುತ್ತಾರೆ. ಒಳ ಉಡುಪು ಕನಿಷ್ಠ ಹತ್ತು ಜೊತೆ, ಹತ್ತಿಯದ್ದೇ, ಎಲಾಸ್ಟಿಕ್ ಬಿಗಿಯಿಲ್ಲದ್ದು. ಅರೆ ಒಣಗಿದ್ದನ್ನು ಎಂದೂ ಹಾಕಿಕೊಳ್ಳಬೇಡಿ. ಬಿಸಿಲಿಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಯಿಂದ ಪೂರ್ತಿ ಒಣಗಿಸಿ. ಗಂಡಸರು ತೆಳು ಹತ್ತಿ ಬನಿಯನ್ ಬಿಡಬೇಡಿ: ಅದು ಬೆವರು ಹೀರಿ ಅಂಗಿ ಉಳಿಸುತ್ತದೆ.

ತೊಡೆ ಸಂದಿ, ಕಂಕುಳು, ಸೊಂಟದ ಸುತ್ತ ಉಂಗುರದ ಆಕಾರದಲ್ಲಿ ಕೆಂಪಾಗಿ ತುರಿಸಿದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಿಶ್ರ ಮುಲಾಮು ಹಚ್ಚಬೇಡಿ. ಅಂಥ ಹಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ. ತುರಿಕೆ ಎರಡು ದಿನ ನಿಂತಂತೆ ಮಾಡಿ ಸೋಂಕನ್ನು ಒಳಗೊಳಗೇ ಹಬ್ಬಿಸುತ್ತದೆ. ಚರ್ಮದ ಡಾಕ್ಟರರನ್ನೇ ಕಾಣಿ, ಅವರು ಹೇಳಿದಷ್ಟು ದಿನವೂ ಔಷಧಿ ನಡೆಸಿ. ಟವೆಲ್, ಬಟ್ಟೆ ರೂಂಮೇಟ್ ಜೊತೆ ಹಂಚಿಕೊಳ್ಳಬೇಡಿ. ಟವೆಲ್ ಕೂಡ ದಪ್ಪ ಟರ್ಕಿ ಬೇಡ, ನಮ್ಮ ತೆಳು ಹತ್ತಿ ಪಂಜೆಯೇ ಬೇಗ ಒಣಗುತ್ತದೆ.

ಬೆವರು ತಡೆಯುವ ರೋಲ್ ಆನ್ ಬಳಸುವವರು ರಾತ್ರಿ, ಒಣಗಿದ ಚರ್ಮಕ್ಕೆ ಹಚ್ಚಿ. ಆಗ ಹೆಚ್ಚು ಕೆಲಸ ಮಾಡುತ್ತದೆ, ಅಂಗಿಗೂ ಕಡಿಮೆ ಮೆತ್ತುತ್ತದೆ. ಕಂಕುಳಿನ ಹಳದಿ ಕಲೆ ಬರುವುದು ಅದರಲ್ಲಿನ ಅಲ್ಯುಮಿನಿಯಂ ಲವಣ ಬೆವರಿನ ಜೊತೆ ಸೇರಿ. ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪಿನಲ್ಲಿ ಒಗೆಯಿರಿ. ಬ್ಲೀಚ್ ಹಾಕಿದರೆ ಹಳದಿ ಇನ್ನೂ ಗಾಢವಾಗುತ್ತದೆ. ವಿನೆಗರ್ ಮತ್ತು ಬ್ಲೀಚ್ ಎರಡನ್ನೂ ಒಟ್ಟಿಗೆ ಎಂದೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ.

ಹಂತ 8: ಕಾಲಿಗೆ

ಒಂದು ಜೊತೆ ಶೂ ತೆಗೆದುಕೊಂಡು ಹೋಗುವುದು ಎಲ್ಲರೂ ಮಾಡುವ ತಪ್ಪು. ಎರಡು ಜೊತೆ ಬೇಕು, ಒಂದು ದಿನ ಒಂದು, ಮರುದಿನ ಇನ್ನೊಂದು. ಒಳಗಿನ ತೇವ ಆರಲು ಒಂದು ಪೂರ್ತಿ ದಿನ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಶೂ ಮುಟ್ಟಬೇಡಿ. ಹಿಂದೆ ಪಟ್ಟಿ ಇರುವ ರಬ್ಬರ್ ಅಥವಾ ಇವಿಎ ಸ್ಯಾಂಡಲ್ ಸಾಕು. ಇವಿಎ ಎಂದರೆ ನೀರು ಹೀರದ ಹಗುರ ಸ್ಪಂಜಿನಂಥ ಪ್ಲಾಸ್ಟಿಕ್. ಹವಾಯಿ ಚಪ್ಪಲಿ ಮಳೆಯಲ್ಲಿ ಜಾರುತ್ತದೆ, ಬೆನ್ನಿಗೆಲ್ಲ ಕೆಸರು ಸಿಡಿಸುತ್ತದೆ.

ಪಿಯು ಅಟ್ಟೆಯ ಶೂ ಕೊಳ್ಳುವಾಗ ಎಚ್ಚರ. ಪಾಲಿಯುರೆಥೇನ್ ತೇವ ಹವೆಯಲ್ಲಿ ನಿಧಾನವಾಗಿ ಒಡೆಯುತ್ತ ಹೋಗುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಒಂದು ದಿನ ಹಾಕಿ ಹೊರಟರೆ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ರಬ್ಬರ್ ಅಟ್ಟೆಯೇ ಒಳ್ಳೆಯದು. ಶೂ ನೆನೆದರೆ ಒಳಗೆ ಹಳೆ ಪತ್ರಿಕೆ ತುರುಕಿ, ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಫ್ಯಾನ್ ಕೆಳಗಿಡಿ. ಗ್ಯಾಸ್ ಒಲೆ ಹತ್ತಿರ ಇಟ್ಟರೆ ಚರ್ಮ ಸೆಟೆದು ಬಿರುಕು ಬಿಡುತ್ತದೆ.

ಹಂತ 9: ಮಳೆಗೆ

ಕೊಡೆ ಮಡಚುವುದು ಬೇಡ, ಉದ್ದನೆಯದು ಇರಲಿ. ಅಲ್ಲಿನ ಗಾಳಿಗೆ ಸಣ್ಣ ಕೊಡೆ ಮಗುಚಿಕೊಳ್ಳುತ್ತದೆ. ಕೊಡೆ, ರೇನ್‌ಕೋಟ್ ಎರಡನ್ನೂ ಅಲ್ಲೇ ಕೊಳ್ಳಿ. ನಮ್ಮ ಕಡೆ ಸಿಗುವ ತೆಳು ಕೋಟು ಅಲ್ಲಿನ ಒಂದು ಮಳೆಗೆ ಸೋರುತ್ತದೆ. ಗಾಡಿ ಓಡಿಸುವವರಿಗೆ ಕೋಟು, ಪ್ಯಾಂಟು ಬೇರೆಬೇರೆಯಾಗಿದ್ದು ಹೊಲಿಗೆಯ ಮೇಲೆ ಒಳಗಡೆ ಟೇಪ್ ಹಚ್ಚಿದ್ದು ಬೇಕು. ನೀರು ನುಗ್ಗುವುದು ಹೊಲಿಗೆಯ ತೂತಿನಿಂದಲೇ. ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಯಾವಾಗಲೂ.

ಕರಾವಳಿಯ ಮುರಕಲ್ಲಿನ ಕೆಂಪು ಮಣ್ಣು ನಮ್ಮ ಕರಿಮಣ್ಣಿನಂತೆ ಸುಲಭಕ್ಕೆ ಬಿಡುವುದಿಲ್ಲ. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚು. ಕೆಸರು ಸಿಡಿದಾಗ ಒದ್ದೆಯಲ್ಲಿ ಉಜ್ಜಬೇಡಿ, ಎಳೆಯೊಳಕ್ಕೆ ಹೋಗುತ್ತದೆ. ಒಣಗಲು ಬಿಟ್ಟು, ಬ್ರಷ್‌ನಿಂದ ಉದುರಿಸಿ, ಆಮೇಲೆ ಸೋಪು ಹಚ್ಚಿ ಒಂದು ಗಂಟೆ ಬಿಟ್ಟು ಒಗೆಯಿರಿ. ಉಳಿದ ಕಂದು ಕಲೆಗೆ, ಬಿಳಿ ಬಟ್ಟೆಯಾದರೆ, ನಿಂಬೆರಸ ಮತ್ತು ಉಪ್ಪು. ಇಲ್ಲೂ ಬ್ಲೀಚ್ ಬೇಡ: ಕಬ್ಬಿಣದ ಕಲೆಯನ್ನು ಅದು ಕಾಯಂ ಮಾಡುತ್ತದೆ.

ಹಂತ 10: ಕಡಲತೀರಕ್ಕೆ

ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಮಲ್ಪೆ, ಎಲ್ಲಿಗೆ ಹೋದರೂ ಬಯಲುಸೀಮೆಯವರು ಜೀನ್ಸ್, ಸೀರೆ, ಚೂಡಿದಾರದಲ್ಲೇ ನೀರಿಗಿಳಿಯುವುದು ಕಾಣುತ್ತದೆ. ಇದು ಅಪಾಯ. ನೆನೆದ ಜೀನ್ಸ್ ಭಾರವಾಗಿ ಕಾಲು ಎತ್ತಲು ಬಿಡುವುದಿಲ್ಲ, ಸೀರೆ ಮತ್ತು ದುಪಟ್ಟಾ ಕಾಲಿಗೆ ಸುತ್ತುತ್ತವೆ. ಅಲೆ ಹಿಂದೆಳೆಯುವಾಗ ಮೊದಲು ಬೀಳುವವರು ಇವರೇ. ಇಲ್ಲಿಯವರೆಗೆ ಹೇಳಿದ್ದಕ್ಕೆ ತಿರುವುಮುರುವಾಗಿ, ನೀರಿಗೆ ಮಾತ್ರ ನೈಲಾನ್ ಅಥವಾ ಪಾಲಿಯೆಸ್ಟರ್ರೇ ಸರಿ: ಮೊಣಕಾಲುದ್ದದ ಚಡ್ಡಿ, ತುಂಬುತೋಳಿನ ಈಜುಡುಗೆ ಟೀ ಶರ್ಟ್, ಗಾಢ ಬಣ್ಣದ್ದು. ಬಿಳಿ ಹತ್ತಿ ನೆನೆದರೆ ಪಾರದರ್ಶಕ. ಮಳೆಗಾಲದಲ್ಲಿ ಯಾವ ಉಡುಪಿನಲ್ಲೂ ಸಮುದ್ರಕ್ಕೆ ಇಳಿಯಬೇಡಿ; ಕಾವಲಿನವರು ಬೇಡ ಎಂದಲ್ಲಿಂದ ಹಿಂದೆ ಬನ್ನಿ.

ಅಂಚು 3 ಇಂಚಿಗೂ ಅಗಲವಿರುವ ಟೋಪಿ, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ (ಮುಖ, ಕತ್ತಿಗೆ ಎರಡು ಬೆರಳುದ್ದ, ಎರಡು ಗಂಟೆಗೊಮ್ಮೆ ಮತ್ತೆ). ಒಂದು ಗ್ರಾಂ ಚಿನ್ನದ ಒಡವೆ ಮನೆಯಲ್ಲಿರಲಿ, ಬೆವರು ಮತ್ತು ಉಪ್ಪಿಗೆ ಲೇಪ ಹೋಗಿ ಕಪ್ಪಾಗುತ್ತದೆ. ವಾಪಸು ಬಂದ ಕೂಡಲೇ ಬಟ್ಟೆಯನ್ನು ಸಿಹಿನೀರಲ್ಲಿ ಎರಡು ಸಲ ಜಾಲಿಸಿ. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ, ಎಷ್ಟು ಒಣಗಿಸಿದರೂ ಹಸಿಹಸಿ.

ಜೊತೆಗೆ ಒಂದು ಬಿಳಿ ಪಂಚೆ, ಒಂದು ಶಲ್ಯ ಇರಲಿ. ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದೇ ಒಳಗೆ ಹೋಗಬೇಕು. ಸಮುದ್ರದಿಂದ ನೇರವಾಗಿ ಚಡ್ಡಿಯಲ್ಲಿ ದೇವಸ್ಥಾನಕ್ಕೆ ಹೋಗುವುದು ಸಲ್ಲದು.

ಹಂತ 11: ಒಗೆದು ಒಣಗಿಸಿ ಇಡುವುದು

ಬೆವರಿದ ಬಟ್ಟೆಯನ್ನು ಬುಟ್ಟಿಯಲ್ಲಿ ಗುಡ್ಡೆ ಹಾಕಿ ವಾರಕ್ಕೊಮ್ಮೆ ಒಗೆಯುವ ಅಭ್ಯಾಸ ಇಲ್ಲಿಗೆ ನಡೆಯುತ್ತದೆ, ಅಲ್ಲಿ ಮೂರನೇ ದಿನಕ್ಕೆ ಕಪ್ಪು ಚುಕ್ಕೆ ಬೀಳುತ್ತದೆ. ಅದು ಬೂಷ್ಟು, ಹತ್ತಿಯನ್ನೇ ತಿನ್ನುತ್ತದೆ, ಹೋಗುವುದಿಲ್ಲ. ಅಂದಂದಿನದು ಅಂದೇ, ಆಗದಿದ್ದರೆ ಹಗ್ಗದ ಮೇಲೆ ಹರಡಿಯಾದರೂ ಇಡಿ. ಸೋಪಿನ ಪುಡಿ ಕಡಿಮೆ ಹಾಕಿ. ಉಳಿದ ಸೋಪು ಮುಗ್ಗುಲು ವಾಸನೆಗೆ ಕಾರಣ.

ಮಳೆಗಾಲದಲ್ಲಿ ಒಳಗೆ ಒಣಗಿಸುವಾಗ ಬಟ್ಟೆ ಬಟ್ಟೆಗೆ ನಡುವೆ ಒಂದು ಗೇಣು ಜಾಗ ಬಿಡಿ, ಫ್ಯಾನ್ ಗಾಳಿ ಅಡ್ಡಲಾಗಿ ಹಾಯಲಿ. ಅಂಗಿಯನ್ನು ಹ್ಯಾಂಗರಿಗೆ ಹಾಕಿ ಗುಂಡಿ ಬಿಚ್ಚಿ, ಪ್ಯಾಂಟು ಒಳಮೈ ಹೊರಗೆ ಮಾಡಿ ಸೊಂಟದಿಂದ ನೇತುಹಾಕಿ. ರೇಯಾನ್ ಕುರ್ತಾ ಹಿಂಡಬೇಡಿ, ಒದ್ದೆಯಲ್ಲಿ ಅದರ ಬಲ ಅರ್ಧಕ್ಕಿಳಿದಿರುತ್ತದೆ. ಇಸ್ತ್ರಿ ಮಾಡಿದ ಕೂಡಲೇ ಬೀರುವಿಗೆ ಇಡಬೇಡಿ; ಬಿಸಿಯ ಜೊತೆ ಆವಿಯೂ ಒಳಗೆ ಸೇರುತ್ತದೆ. ಅರ್ಧ ಗಂಟೆ ಹೊರಗೆ ಆರಲಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ವಾರಕ್ಕೊಮ್ಮೆ ಬಾಗಿಲು ತೆರೆದು ಫ್ಯಾನ್ ಹಾಕಿ. ಒಳಗೆ ಸಿಲಿಕಾ ಜೆಲ್, ಅಂದರೆ ಹೊಸ ಶೂ ಪೆಟ್ಟಿಗೆಯಲ್ಲಿ ಸಿಗುವ ತೇವ ಹೀರುವ ಕಾಳು, 50 ಗ್ರಾಂನ ಪೊಟ್ಟಣ ಎರಡು ಇಡಿ.

ಹಂತ 12: ರೇಷ್ಮೆ ಮತ್ತು ಜರಿ

ಮದುವೆಯಾಗಿ ಕರಾವಳಿಗೆ ಹೋಗುವ ಹೆಣ್ಣುಮಕ್ಕಳು ಮೊಳಕಾಲ್ಮೂರು ರೇಷ್ಮೆ ಸೀರೆಗಳನ್ನು ಏನು ಮಾಡಬೇಕೆಂದು ಕೇಳುತ್ತಾರೆ. ಎಲ್ಲವನ್ನೂ ಒಯ್ಯಬೇಡಿ. ವರ್ಷದಲ್ಲಿ ನಿಜವಾಗಿ ಉಡುವ ಎರಡೋ ಮೂರೋ ಸಾಕು, ಉಳಿದವು ತವರಿನ ಒಣ ಹವೆಯಲ್ಲಿ ಹೆಚ್ಚು ಕಾಲ ಬಾಳುತ್ತವೆ. ಒಯ್ದವನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ತೆಗೆದು, ಗಂಜಿಯಿಲ್ಲದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗಬಾರದು, ಜರಿ ಕಪ್ಪಾಗುತ್ತದೆ. ಬೇಕೆಂದರೆ ಬೇರೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಉಟ್ಟು ಬಿಚ್ಚಿದ ಸೀರೆಯನ್ನು ಅಂದೇ ಮಡಚದೆ ಒಂದು ರಾತ್ರಿ ಫ್ಯಾನ್ ಕೆಳಗೆ ಹರಡಿ. ಬೆವರಿನ ಉಪ್ಪು ಉಳಿದಲ್ಲಿ ಜರಿ ಮೊದಲು ಮಂಕಾಗುತ್ತದೆ. ಎರಡು ತಿಂಗಳಿಗೊಮ್ಮೆ ಬಿಡಿಸಿ ಮಡಿಕೆಯ ಗೆರೆ ಬದಲಿಸಿ ಮಡಚಿ, ಇಲ್ಲದಿದ್ದರೆ ಗೆರೆಯಲ್ಲೇ ಸೀಳುತ್ತದೆ. ಸುಗಂಧ ಸೀರೆಯ ಮೇಲೆ ಸಿಂಪಡಿಸಬೇಡಿ.

ದಸರಾ, ದೀಪಾವಳಿಗೆ ಊರಿಗೆ ಬರುವಾಗ ರೇಷ್ಮೆ, ಚರ್ಮದ ಬೆಲ್ಟು, ಶೂ, ಕೈಚೀಲ ಎಲ್ಲವನ್ನೂ ಜೊತೆಗೆ ತನ್ನಿ. ರೇಷ್ಮೆಯನ್ನು ನೆರಳಲ್ಲಿ, ಗಾಳಿ ಆಡುವ ಪಡಸಾಲೆಯಲ್ಲಿ ಅರ್ಧ ದಿನ ಹರಡಿ. ಚರ್ಮದ ವಸ್ತುಗಳ ಬೂಷ್ಟನ್ನು ಅಂಗಳದಲ್ಲಿ ಒಣ ಬಟ್ಟೆಯಿಂದ ಒರೆಸಿ, ಬೆಳಗಿನ ಎಳೆಬಿಸಿಲಲ್ಲಿ ಒಂದು ಗಂಟೆ ಇಟ್ಟು, ಪಾಲಿಶ್ ಹಚ್ಚಿ. ಒರೆಸಿದ ಬಟ್ಟೆಯನ್ನು ಮತ್ತೆ ಬಳಸದೆ ಬಿಸಾಡಿ.